ಅಪ್ಪಾಜಿಯ ತಿಮಿಂಗಿಲ

ಇನ್ನು ಹುಳದ ಮನೆಗೆ ಕಾಲಿಡುವುದಿಲ್ಲ ಎಂದು ಅಪ್ಪಾಜಿ ಶಪಥ ಮಾಡಿದ್ದ. ಚನ್ನಪಟ್ಟಣದ ಸುತ್ತ ಮನೆಮನೆಯಲ್ಲೂ ರೇಷ್ಮೆ ಹುಳ ಸಾಕುತ್ತಿದ್ದ ಕಾಲ. ಊರೆಲ್ಲ ಹುಳದ ದುಡ್ಡಿನಿಂದ ಹೆಂಚಿನ ಮನೆ ಕಟ್ಟುತ್ತಿದ್ದರೆ, ಇವನಿಗೆ ಹುಳ ಕಂಡರೇ ಮೈ ಜುಮ್ಮೆನ್ನುತ್ತಿತ್ತು. ಸೊಪ್ಪು ಹಾಕುವ ಕೆಲಸವನ್ನು ಹೆಂಡತಿ ಕೃಷ್ಣಮ್ಮನ ತಲೆಗೆ ಕಟ್ಟಿ, ತಾನು ಮರದ ಬೊಂಬೆ ಕಡೆಯಲು ಕೂತಿದ್ದ.

"ಇವತ್ತು ಆ ಮೇಷ್ಟ್ರು ಬೊಂಬೆ ತಕ್ಕೊಂಡ್ರೆ ಸರಿ. ಇಲ್ದಿದ್ರೆ ನಾಳಿಂದ ಸೊಪ್ಪು ನೀವೇ ಹಾಕ್ಬೇಕು," ಎಂದು ಕೃಷ್ಣಮ್ಮ ಕಡ್ಡಿ ಮುರಿದಂತೆ ಹೇಳಿದಳು.

ಮೇಷ್ಟ್ರು ಕುಮಟೆ ಕಡೆಯವರು. ಮರಿಗೆ ಮೊಲೆಯುಣಿಸುವ ಕರಾವಳಿಯ ಪ್ರಾಣಿಗಳನ್ನು ಮಕ್ಕಳಿಗೆ ತೋರಿಸಲು ನರಿ, ನೀರುನಾಯಿ, ತಿಮಿಂಗಿಲ ಬೇಕೆಂದಿದ್ದರು. ಮೊದಲಿನ ಎರಡು ಸಲೀಸಾಗಿ ಆದವು. ಸಮುದ್ರವನ್ನೇ ಕಾಣದ ಅಪ್ಪಾಜಿ ತಿಮಿಂಗಿಲವನ್ನು ಎಲ್ಲಿ ನೋಡಬೇಕು? ಆದರೂ ಸಂಜೆಯೊಳಗೆ ಮಾಡಿಯೇ ತೀರುತ್ತೇನೆಂದು ದಪ್ಪ ತುಂಡೊಂದನ್ನು ಉದ್ದಕ್ಕೆ ನುಣ್ಣಗೆ ಕಡೆದ.

ಪಕ್ಕದಲ್ಲಿ ನೂಲು ತೆಗೆಯುತ್ತಿದ್ದ ಕೆಂಚಮ್ಮ ಇಣುಕಿದಳು. "ನೀರಲ್ಲಿರೋದು ಅಂತೀಯ, ಮೈ ಮ್ಯಾಲೆ ಮೀನಿನಂಗೆ ಹುರುಪೆ ಬ್ಯಾಡ್ವಾ?"

ಕಡೆಯುವ ಯಂತ್ರದಲ್ಲಿ ತಿರುಗುವ ಮರದ ಮೇಲೆ ಹುರುಪೆ ಕೆತ್ತಲಾದೀತೇ? ಸುತ್ತಲೂ ಬಳೆಯಂಥ ಗೆರೆ ಹೊಡೆದ.

ಬಣ್ಣದ ಅರಗು ಮಾರುವ ವಹಾಬ್ ಕೈಯಾಡಿಸಿದ. "ಕರಿ ಅರಗು ಖಾಲಿ ಭಾಯ್. ಸಮುದ್ರದ ನೊರೆ ಬಿಳಿ ತಾನೆ? ಬಿಳೀನೇ ಹಾಕು."

ಹಾಕಿದ. ಬಾಲ ಸಿಕ್ಕಿಸಿ ಉಸ್ಸೆನ್ನುವಷ್ಟರಲ್ಲಿ ಕುರಿ ಸಾಕುವ ಬೀರಯ್ಯ ಬಂದ. ಸಂತೆಯಲ್ಲಿ ಕುರಿ ನೋಡುವವನಂತೆ ಬೊಂಬೆಯನ್ನು ಮಗುಚಿ ಹೊಟ್ಟೆ ಸವರಿದ.

"ಹಾಲು ಕೊಡ್ತದೆ ಅಂದೆ, ಮೊಲೆ ಎಲ್ಲಿ? ಅಷ್ಟು ದೊಡ್ಡ ಮರಿಗೆ ಎಲ್ಡು ಸಾಕಾಗಕಿಲ್ಲ ಕಣ್ಲಾ!"

ಅದೂ ನಿಜವೆನ್ನಿಸಿತು. ಅಪ್ಪಾಜಿ ಹೊಟ್ಟೆಯಡಿ ಎರಡು ಸಾಲು ಮರದ ಗುಬುಟು ಜಡಿದ. ಬೀರಯ್ಯ ಮತ್ತೆ ಬಾಲ ಹಿಡಿದೆತ್ತಿದ. ಲಟಕ್ಕೆಂದು ಮುರಿದು, ಬುಡದಲ್ಲಿ ಚೂಪು ಮೊನೆಯಷ್ಟೇ ಉಳಿಯಿತು.

ಅಷ್ಟರಲ್ಲಿ ಮೇಷ್ಟ್ರು ಬಂದೇಬಿಟ್ಟರು. "ಎಂತದು ಮಾರಾಯ ಇದು? ತಿಮಿಂಗಿಲಕ್ಕೆ ಕಾಲೇ?"

"ಕಾಲಲ್ಲ ಸಾ, ಮೊಲೆ."

ಮೇಷ್ಟ್ರು ಹಣೆ ಚಚ್ಚಿಕೊಂಡರು. ಮೂರೂ ಇಲ್ಲದಿದ್ದರೆ ಒಂದೂ ಬೇಡವೆಂದು ಬಸ್ಸು ಹತ್ತಿದರು. ಅಪ್ಪಾಜಿಗೆ ಅಳುವೇ ಬಂತು.

ಆಗ ಕೆಂಚಮ್ಮನಲ್ಲಿಗೆ ಬಂದಿದ್ದ ರೇಷ್ಮೆ ಇನ್‌ಸ್ಪೆಕ್ಟರ್ ಮುನಿಶಾಮಯ್ಯ ಬೊಂಬೆ ಕಂಡು ಕಣ್ಣರಳಿಸಿದರು.

"ಅಬ್ಬಾ, ಎಂಥಾ ರೇಷ್ಮೆ ಹುಳ ಕಣಯ್ಯ! ಮೈ ಗೆರೆ, ಕಾಲು, ಬಾಲದ ಮೇಲಿನ ಕೊಂಬು, ಒಂದೂ ಬಿಟ್ಟಿಲ್ಲ! ನಮ್ಮ ವಸ್ತುಪ್ರದರ್ಶನಕ್ಕೆ ಮರಿ ಹುಳದಿಂದ ಗೂಡಿನವರೆಗೂ ಮಾಡ್ಕೊಡು."

ಅಪ್ಪಾಜಿ ಬಾಯಿ ತೆರೆಯುವ ಮೊದಲೇ ಕೃಷ್ಣಮ್ಮ ಮುಂದೆ ಬಂದಳು. "ಮಾಡ್ತಾರೆ ಸಾ!"

"ಊಹೆ ಮೇಲೆ ಮಾಡೋ ಹಂಗಿಲ್ಲ. ದಿನಾ ಹುಳದ ಮನೇಲಿ ಕೂತು, ನೋಡ್ಕೊಂಡು ಮಾಡ್ಬೇಕು," ಎಂದರು ಇನ್‌ಸ್ಪೆಕ್ಟರ್.

ಅವರು ಅತ್ತ ಹೋದರು. ಇತ್ತ ಕೃಷ್ಣಮ್ಮ ಸೊಪ್ಪಿನ ಕುಕ್ಕೆ ತಂದು ಗಂಡನ ಕೈಗಿಟ್ಟಳು.

"ಹೆಂಗೂ ಅಲ್ಲೇ ಕೂತಿರ್ತೀರಲ್ಲ, ಒಸಿ ಸೊಪ್ಪೂ ಹಾಕ್ಬುಡಿ."