ಇಂಗಿನ ಡಬ್ಬಿಯ ಬ್ಯಾಟರಿ

ನನಗೆ ಮರೆವಿಲ್ಲ. ಇದನ್ನು ಹೆಚ್ಚುಗಾರಿಕೆಯೆಂದು ಹೇಳಿಕೊಳ್ಳುತ್ತಿಲ್ಲ. ಅರವತ್ತೊಂಬತ್ತರ ವಯಸ್ಸಿನಲ್ಲಿ ನನ್ನ ಓರಗೆಯವರೆಲ್ಲ ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತಿರುವಾಗ, ಯಾರು ಯಾವ ಮದುವೆಯ ಯಾವ ಪಂಕ್ತಿಯಲ್ಲಿ ಕುಳಿತು ನನ್ನ ಬಗ್ಗೆ ಏನೆಂದರು ಎಂಬುದು, ಅಂದು ಬಡಿಸಿದ ಪಲ್ಯದ ಸಮೇತ ನನಗೆ ನೆನಪಿರುತ್ತದೆ. ಬಂಧುಗಳು ಇದನ್ನು ಹಗೆ ಸಾಧಿಸುವ ಗುಣ ಎನ್ನುತ್ತಾರೆ. ನನ್ನ ಕಸುಬಿನಲ್ಲಿ ಇದಕ್ಕೆ ದಾಖಲೆಯೆಂದು ಹೆಸರು. ಅಮೆರಿಕದಲ್ಲಿ, ನಮ್ಮೂರು ಜರ್ಮನ್‌ಟೌನಿನ ಹೆದ್ದಾರಿಯ ಬದಿಯಲ್ಲಿರುವ ಒಂದು ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ನಾನು ಮಾಡಿದ್ದು ಒಂದೇ ಕೆಲಸ: ತಕ್ಕಡಿ, ಥರ್ಮಾಮೀಟರು, ವೋಲ್ಟ್‌ಮೀಟರುಗಳು ನಿಜ ಹೇಳುತ್ತಿವೆಯೇ ಎಂದು ಪರೀಕ್ಷಿಸುವುದು. ಪ್ರತಿ ಉಪಕರಣಕ್ಕೂ ಒಂದು ಕಾರ್ಡು. ಅದು ಕೂದಲೆಳೆಯಷ್ಟು ತಪ್ಪು ತೋರಿಸಿದರೂ ಆ ಕಾರ್ಡಿನಲ್ಲಿ ಬರೆದು ಸಹಿ ಹಾಕಬೇಕು. ಮುಂದಿನ ಸಲ ಅದು ಮೇಜಿನ ಮೇಲೆ ಬಂದಾಗ ಮೊದಲು ಹಳೆಯ ತಪ್ಪನ್ನೇ ನೋಡಬೇಕು. ನಿವೃತ್ತಳಾದ ಮೇಲೆ ಉಪಕರಣಗಳು ಕೈಬಿಟ್ಟುಹೋದವು, ಕಾರ್ಡುಗಳ ಅಭ್ಯಾಸ ಮಾತ್ರ ಉಳಿಯಿತು. ಈಗ ಅದು ಮನುಷ್ಯರಿಗೆ ಉಪಯೋಗವಾಗುತ್ತಿದೆ.

ಈ ಮನಸ್ಸಿನ ಕಪಾಟಿನಲ್ಲಿ ಅತಿ ದಪ್ಪ ಕಾರ್ಡು ನನ್ನ ಮೈದುನ ಗುರುಪ್ರಸಾದನದು. ಅವನು ನಮ್ಮಿಂದ ಮುಕ್ಕಾಲು ಗಂಟೆ ದೂರದ ಸ್ಟರ್ಲಿಂಗ್‌ನಲ್ಲಿದ್ದಾನೆ. ಕಿಟಕಿಯಿಲ್ಲದ ದೊಡ್ಡ ದೊಡ್ಡ ಡೇಟಾ ಸೆಂಟರುಗಳಲ್ಲಿ ಕರೆಂಟು ಹೋದರೆ ಒಡನೆ ಎಚ್ಚರಗೊಳ್ಳುವ ಬ್ಯಾಟರಿಗಳನ್ನು ನೋಡಿಕೊಳ್ಳುವುದು ಅವನ ಉದ್ಯೋಗ. ಆ ಬ್ಯಾಟರಿಗಳು ಬೀರುವಿನಷ್ಟು ದೊಡ್ಡವಂತೆ. ಆದ್ದರಿಂದ ಅಂಗೈಯಲ್ಲಿ ಹಿಡಿಸುವ ಯಾವುದೂ ಅವನ ಕಣ್ಣಿಗೆ ಬ್ಯಾಟರಿಯಲ್ಲ, ಅದನ್ನು ಕೈಯಲ್ಲಿ ಹಿಡಿದವರು ತಿಳಿದವರೂ ಅಲ್ಲ. ಅವನ ಕಾರ್ಡಿನ ಮೊದಲ ನಮೂದು ಒಂದು ಮಿಕ್ಸಿಯದು. ಅವನ ಸಂಸಾರ ಹೊಸದಾಗಿ ಬಂದಾಗ ಮೈಸೂರಿನಿಂದ ತಂದಿದ್ದ ಮಿಕ್ಸಿ ನಿಂತುಹೋಗಿತ್ತು. ನಾನು ಒಂದು ಮಧ್ಯಾಹ್ನ ಕುಳಿತು ರಿಪೇರಿ ಮಾಡಿಕೊಟ್ಟೆ. ಮಾರನೆಯ ವಾರ ಅವನು ಅದನ್ನು ಒಬ್ಬ ಎಲೆಕ್ಟ್ರಿಷಿಯನ್ನಿಗೆ ತೋರಿಸಿದ. ಕೆಟ್ಟಿತ್ತೆಂದಲ್ಲ, 'ಸುಮ್ಮನೆ, ಸೇಫ್ಟಿಗೆ' ಅಂತೆ. ಆ ಎಲೆಕ್ಟ್ರಿಷಿಯನ್ ಮಾಡಿದ್ದು ಇಷ್ಟೇ: ಒಂದು ಸ್ಕ್ರೂ ಬಿಗಿ ಮಾಡಿ ವಾಪಸು ಕೊಟ್ಟ. ಒಂದು ಸ್ಕ್ರೂ. ಇದನ್ನು ನಾನು ಇಲ್ಲಿಗೇ ನಿಲ್ಲಿಸುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯವರು ನಲವತ್ತು ವರ್ಷ ಸಿಗರೇಟು ಸೇದಿದವರು. ನಾನು ನಲವತ್ತು ವರ್ಷ ಹೇಳಿದ್ದನ್ನು ಕೇಳದಿದ್ದವರು, ಮೊಣಕಾಲಿನ ಮಾತನ್ನು ಒಂದೇ ಚಳಿಗಾಲದಲ್ಲಿ ಕೇಳಿದರು. ನಮ್ಮದು ಇಲ್ಲಿನ ಎಲ್ಲ ಟೌನ್‌ಹೌಸ್‌ಗಳಂತೆ ಅಗಲಕ್ಕಿಂತ ಎತ್ತರ ಹೆಚ್ಚಿರುವ ಮನೆ. ಮಲಗುವ ಕೋಣೆಗೆ ಹದಿಮೂರು ಮೆಟ್ಟಿಲು. ಬಲ ಮೊಣಕಾಲು ಸವೆದು ಆ ಮೆಟ್ಟಿಲುಗಳು ಅವರಿಗೆ ಹತ್ತಲಾರದ ಬೆಟ್ಟವಾದವು. ಕೆಳಗಿನ ಸೋಫಾದ ಮೇಲೆಯೇ ಮಲಗತೊಡಗಿದರು. ಮೊಣಕಾಲು ಬದಲಿಸುವ ಡಾಕ್ಟರು ಖಂಡಿತವಾಗಿ ಹೇಳಿದರು: ಸಿಗರೇಟು ಪೂರ್ತಿ ನಿಲ್ಲಬೇಕು, ನಿಕೋಟಿನ್ ಎಂಬುದು ರಕ್ತದಲ್ಲಿ ಒಂದಿಷ್ಟೂ ಕಾಣಬಾರದು, ಕಂಡರೆ ಆಪರೇಷನ್ ಇಲ್ಲ. ಒಮ್ಮೆಗೇ ಬಿಡಲಾರೆ ಎಂದು ನಮ್ಮವರು ಬೇಡಿಕೊಂಡ ಮೇಲೆ ಒಂದು ಮೆಟ್ಟಿಲುದಾರಿ ಗೊತ್ತಾಯಿತು. ಮೊದಲು ಸಿಗರೇಟಿನಿಂದ ಇ-ಸಿಗರೇಟಿಗೆ, ಅದರಲ್ಲಿ ತುಂಬುವ ದ್ರಾವಣದ ನಿಕೋಟಿನ್ ಅಂಶವನ್ನು ಕಡಿಮೆ ಮಾಡುತ್ತ ಸೊನ್ನೆಗೆ. ಸೊನ್ನೆ ಮುಟ್ಟಿ ಆರು ವಾರವಾದರೆ ಆಪರೇಷನ್.

ಇ-ಸಿಗರೇಟು ಬಂತು. ನೋಡಲು ದಪ್ಪ ಪೆನ್ನಿನಂತಿತ್ತು, ಪುದೀನದ ವಾಸನೆಯ ಆವಿ ಬಿಡುತ್ತಿತ್ತು. ಆದರೆ ಅದರ ಹೊಟ್ಟೆಯೊಳಗಿನ ಬ್ಯಾಟರಿ ಸರಿಯಾಗಿ ಮಧ್ಯಾಹ್ನ ಮೂರು ಗಂಟೆಗೆ ಪ್ರಾಣ ಬಿಡುತ್ತಿತ್ತು. ಚಾರ್ಜಿಗೆ ಹಾಕಿದರೆ ಎರಡು ಗಂಟೆ ಕಾಯಬೇಕು. ಆ ಎರಡು ಗಂಟೆಯೊಳಗೆ ನಮ್ಮವರಿಗೆ ಮನೆಯಲ್ಲಿ ಹಾಲು ಇಲ್ಲವೆಂಬುದು ನೆನಪಾಗುತ್ತಿತ್ತು. "ಸರೋಜ, ಹಾಲು ತರ್ತೀನಿ" ಎಂದು ಕಾರು ತೆಗೆಯುವರು. ಮೆಟ್ಟಿಲು ಹತ್ತದ ಮೊಣಕಾಲು ಬ್ರೇಕನ್ನು ಮಾತ್ರ ಚೆನ್ನಾಗಿಯೇ ಒತ್ತುತ್ತಿತ್ತು. ಮೂಲೆಯ ಗ್ಯಾಸ್ ಸ್ಟೇಷನ್ನಿನ, ಅಂದರೆ ಪೆಟ್ರೋಲ್ ಬಂಕಿನ, ಅಂಗಡಿಯಲ್ಲಿ ಹಾಲೂ ಸಿಗುತ್ತದೆ, ಸಿಗರೇಟೂ ಸಿಗುತ್ತದೆ. ಒಂದು ಗುರುವಾರ ಫ್ರಿಜ್ ತೆರೆದರೆ ನಾಲ್ಕು ಗ್ಯಾಲನ್ ಹಾಲು, ಅಂದರೆ ಹದಿನೈದು ಲೀಟರು, ಸಾಲಾಗಿ ನಿಂತಿತ್ತು. ಹೆಪ್ಪು ಹಾಕಿದೆ. ಆ ವಾರ ಮಜ್ಜಿಗೆಹುಳಿ, ಮೊಸರುಬಜ್ಜಿ, ಮೊಸರನ್ನ, ಮತ್ತೆ ಮಜ್ಜಿಗೆಹುಳಿ. ಭಾನುವಾರ ಅವರೇ ತಟ್ಟೆಯ ಮುಂದೆ ತಲೆ ತಗ್ಗಿಸಿ, "ಮೂರು ಗಂಟೆಗೆ ಅದು ಸತ್ತೋಗುತ್ತೆ ಕಣೇ, ನಾನೇನ್ ಮಾಡ್ಲಿ?" ಎಂದರು.

ಅದು ಸಾಯದಂತೆ ಮಾಡುವುದು ನನ್ನ ಕೆಲಸವೆಂದು ಆ ಕ್ಷಣದಲ್ಲಿ ನನಗೆ ತೋರಿತು. ಅಂಗಡಿಯಲ್ಲಿ ದೊಡ್ಡ ಬ್ಯಾಟರಿಯ ಪೆಟ್ಟಿಗೆಗಳಿವೆ, ಆದರೆ ಅವುಗಳ ಮೇಲೆ ತಲೆಬುರುಡೆಯ ಚಿತ್ರವಿತ್ತು, ನೀಲಿ ದೀಪಗಳು ಮಿನುಗುತ್ತಿದ್ದವು. ಎಪ್ಪತ್ತು ದಾಟಿದ ಮನುಷ್ಯನ ಜುಬ್ಬದ ಜೇಬಿಗೆ ಅದು ತಕ್ಕದ್ದಲ್ಲ. ಜೊತೆಗೆ ನಾನು ಒಂದನ್ನು ತಂದು ಬಿಚ್ಚಿ ನೋಡಿದೆ. ಒಳಗಿನ ಬೆಸುಗೆ ಉಂಡೆಯುಂಡೆಯಾಗಿತ್ತು. ಅಂಥ ಬೆಸುಗೆಯನ್ನು ನಾನು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿಯೂ ಮಾಡಿರಲಿಲ್ಲ. ಹೀಗಾಗಿ ಮನೆಯಲ್ಲೇ ಕಟ್ಟಲು ಕುಳಿತೆ. ಒಂದೇ ತಯಾರಿಕೆಯ, ಒಂದೇ ಅಳತೆಯ ಎರಡು ಲಿಥಿಯಂ ಸೆಲ್‌ಗಳು, ಅವು ಅಲುಗದಂತೆ ಹಿಡಿಯುವ ತೊಟ್ಟಿಲು, ಹೆಚ್ಚು ಕಡಿಮೆಯಾದರೆ ತಾನೇ ಸುಟ್ಟುಕೊಂಡು ಉಳಿದವರನ್ನು ಕಾಪಾಡುವ ಫ್ಯೂಸು, ಒಂದು ಸ್ವಿಚ್ಚು, ಹಳೆಯ ಬ್ಯಾಟರಿ ತೆಗೆದ ಪೆನ್ನಿಗೆ ಹೋಗುವ ಗಿಡ್ಡ ವೈರು. ದೀಪ ಇಡಲಿಲ್ಲ. ದೀಪ ಶೋಕಿಯ ವಸ್ತು.

ಉಳಿದದ್ದು ಪೆಟ್ಟಿಗೆ. ಲೋಹದ್ದು ಕೂಡದು, ವೈರು ತಾಗಿದರೆ ಅಪಾಯ. ಗಟ್ಟಿ ಪ್ಲಾಸ್ಟಿಕ್ಕು ಬೇಕು, ಮುಚ್ಚಳ ಬಿಗಿಯಾಗಿರಬೇಕು, ಅಂಗೈಯಲ್ಲಿ ಕೂರಬೇಕು. ಅಡುಗೆಮನೆಯಲ್ಲಿ ಸ್ಕೇಲು ಹಿಡಿದು ಎಲ್ಲವನ್ನೂ ಅಳೆದೆ. ಅರಿಶಿನದ್ದು ಗಿಡ್ಡ, ಹಪ್ಪಳಖಾರದ್ದು ಅಗಲ. ಎಲ್ಲ ಅಳತೆಗೂ ಸರಿಹೊಂದಿದ್ದು ದೊಡ್ಡ ಇಂಗಿನ ಡಬ್ಬಿ. ಸೋಪಿನಲ್ಲಿ ತೊಳೆದೆ, ಹುಣಸೆಹಣ್ಣು ಹಚ್ಚಿ ತೊಳೆದೆ, ಅಡುಗೆ ಸೋಡಾ ತುಂಬಿ ಇಟ್ಟೆ, ಮೂರು ದಿನ ಮನೆಯ ಹಿಂದಿನ ಮರದ ಡೆಕ್ಕಿನ ಮೇಲೆ ಬಿಸಿಲಿಗಿಟ್ಟೆ. ಮೂಸಿದರೆ ಏನೂ ಇರಲಿಲ್ಲ. ಆದರೆ ಇಂಗು ಹೋಗಿರಲಿಲ್ಲ, ಅಡಗಿತ್ತು. ಸೆಲ್‌ಗಳು ತುಸು ಬೆಚ್ಚಗಾದೊಡನೆ ಅದು ಹೊರಗೆ ಬರುತ್ತಿತ್ತು. ನಮ್ಮವರು ಒಂದು ದಮ್ಮು ಎಳೆದರೆ ಪುದೀನದ ಆವಿಯ ಹಿಂದೆಯೇ ಒಗ್ಗರಣೆಯ ಪರಿಮಳ. "ಸಾರು ಕುಡಿದಂಗಿದೆ" ಎಂದು ಹೇಳಿ ಮತ್ತೊಂದು ಎಳೆದರು. ಅದನ್ನು ನಾನು ಮೆಚ್ಚುಗೆಯೆಂದು ತೆಗೆದುಕೊಂಡೆ.

ಮೂರು ವಾರ ಪಟ್ಟಿ ಬರೆದೆ. ಬೆಳಗಿನ ವೋಲ್ಟೇಜು, ಸಂಜೆಯ ವೋಲ್ಟೇಜು, ಡಬ್ಬಿಯ ಬಿಸಿ, ಚಾರ್ಜಾಗಲು ಹಿಡಿದ ಹೊತ್ತು. ಚಾರ್ಜು ಮಾಡುವ ಅಧಿಕಾರ ನನಗೆ ಮಾತ್ರ, ಅದೂ ನಾನು ಎದುರಿಗೆ ಕುಳಿತಿರುವಾಗ ಮಾತ್ರ, ಎಂದು ನಿಯಮ ಮಾಡಿದೆ. ಡಬ್ಬಿ ಒಂದು ದಿನವಲ್ಲ, ಎರಡು ದಿನ ಬಂತು. ಮೂರು ಗಂಟೆಯ ಸಾವು ನಿಂತಿತು. ಫ್ರಿಜ್ಜಿನಲ್ಲಿ ಹಾಲು ಒಂದೇ ಗ್ಯಾಲನ್ನಿಗೆ ಇಳಿಯಿತು. ಈ ಮನೆಯಲ್ಲಿ ಸಿಗರೇಟನ್ನು ಅಳೆಯುವುದಕ್ಕೆ ಅದಕ್ಕಿಂತ ನಂಬಿಕೆಯ ಉಪಕರಣ ಬೇರೆಯಿಲ್ಲ. ಅವರೇ ಒಂದು ದಿನ ಹಳೆಯ ಕೋಟಿನಲ್ಲಿ ಸಿಕ್ಕ ಸಿಗರೇಟನ್ನು ಸೇದಿ ನೋಡಿ, ಸುಟ್ಟ ಕಾಗದದ ರುಚಿಯೆಂದು ಬಿಸಾಡಿದರು. ನಾನು ಗೆದ್ದೆನೆಂದುಕೊಂಡೆ.

ಆ ಶನಿವಾರ ಲ್ಯಾನ್‌ಹ್ಯಾಮಿನ ದೇವಸ್ಥಾನಕ್ಕೆ ಹೋಗಿದ್ದೆವು. ದರ್ಶನ ಮುಗಿಸಿ ಕಾರಿನ ಹತ್ತಿರ ಬಂದಾಗ ಗುರುಪ್ರಸಾದ ಸಿಕ್ಕ. ಕೈಯಲ್ಲಿ ಪುಳಿಯೋಗರೆಯ ಪೊಟ್ಟಣ. ಅಣ್ಣನ ಜೇಬಿನ ಉಬ್ಬನ್ನೂ ಅದರಿಂದ ಹೊರಬಂದ ವೈರನ್ನೂ ನೋಡಿದ.

"ಏನಣ್ಣ ಇದು, ಪೇಸ್‌ಮೇಕರಾ?"

"ನಿಮ್ಮತ್ತಿಗೆ ಮಾಡಿದ್ದು. ಬ್ಯಾಟರಿ ಬಾಕ್ಸ್. ಮೊದಲಿಂದು ಮೂರು ಗಂಟೆಗೇ ಸತ್ತೋಗ್ತಿತ್ತು" ಎಂದು ಅವರು ಹೆಮ್ಮೆಯಿಂದಲೇ ತೆಗೆದು ಕೊಟ್ಟರು.

ಅವನು ತಿರುಗಿಸಿ ನೋಡಿದ, ಮೂಸಿದ. "ಅತ್ತಿಗೆ, ಇದನ್ನ ಜೇಬಲ್ಲಿಡ್ಬೇಕೋ ಸಾರಿಗೆ ಹಾಕ್ಬೇಕೋ?"

"ಫ್ಯೂಸ್ ಇದೆ" ಎಂದೆ.

"ಇರ್ಲಿ ಬಿಡಿ. ನಮ್ ಡೇಟಾ ಸೆಂಟರಲ್ಲಿ ಇದನ್ನ ಇನ್‌ಸ್ಪೆಕ್ಟ್ ಮಾಡೋಕೆ ಒಂದ್ ಟೀಮೇ ಬರುತ್ತೆ. ಎಷ್ಟೊತ್ತು ಬರುತ್ತೆ ಇದು?"

"ಎರಡು ದಿನ. ಪೂರ್ತಿ" ಎಂದೆ. ಆ ಎರಡು ಮಾತನ್ನು ನಾನು ಎಷ್ಟು ನಿಧಾನವಾಗಿ ಹೇಳಿದೆನೆಂದರೆ ಮಿಕ್ಸಿಯ ಋಣ ಅಲ್ಲಿಯೇ ತೀರಬೇಕಿತ್ತು.

ಅವನು ಪುಳಿಯೋಗರೆ ಅಗಿಯುತ್ತ, ಯಾವ ಕುಹಕವೂ ಇಲ್ಲದೆ ಕೇಳಿದ. "ಹಂಗಾದ್ರೆ ಅಣ್ಣ ಎರಡು ದಿನಾನೂ ಸೇದ್ತಾನೇ ಇರ್ತಾನಾ? ಮೊದ್ಲು ಮೂರು ಗಂಟೆಗಾದ್ರೂ ನಿಲ್ತಿತ್ತಲ್ಲ ಅತ್ತಿಗೆ."

ಮನೆಗೆ ಬಂದು ಪಟ್ಟಿ ತೆಗೆದೆ. ವೋಲ್ಟೇಜು ಇತ್ತು, ಬಿಸಿ ಇತ್ತು, ಹೊತ್ತು ಇತ್ತು. ದಿನಕ್ಕೆ ಎಷ್ಟು ಸಲ ಎಳೆದರೆಂಬ ಕಾಲಂ ಮಾತ್ರ ಇರಲಿಲ್ಲ. ಬಚ್ಚಲಿನ ಕಪಾಟಿನಲ್ಲಿ ದ್ರಾವಣದ ಖಾಲಿ ಶೀಶೆಗಳನ್ನು ನೋಡಿದೆ. ಒಂದು ವಾರ ಬರುತ್ತಿದ್ದ ಶೀಶೆ ಮೂರೇ ದಿನಕ್ಕೆ ಮುಗಿಯುತ್ತಿತ್ತು. ನಿಕೋಟಿನ್ ಅಂಶ ಇಳಿಸಿದ್ದೆವು, ನಿಜ. ಅವರು ಎಳೆತವನ್ನು ಏರಿಸಿ ಅದನ್ನು ಸರಿದೂಗಿಸಿಕೊಂಡಿದ್ದರು. ಇಪ್ಪತ್ತೆರಡು ವರ್ಷ ಉಪಕರಣಗಳನ್ನು ಅಳೆದವಳು ಇಲ್ಲಿಯೂ ಉಪಕರಣವನ್ನೇ ಅಳೆದಿದ್ದೆ. ಗಂಡನನ್ನು ಅಳೆದಿರಲಿಲ್ಲ. ಆ ಅಗ್ಗದ ಬ್ಯಾಟರಿ ಮೂರು ಗಂಟೆಗೆ ಸತ್ತು ಮಾಡುತ್ತಿದ್ದ ಉಪಕಾರವನ್ನು ನಾನು ಚೊಕ್ಕವಾಗಿ ಬೆಸುಗೆ ಹಾಕಿ ಮುಚ್ಚಿದ್ದೆ.

ಡಬ್ಬಿಯನ್ನು ಕಿತ್ತುಕೊಂಡರೆ ಮತ್ತೆ ಹಾಲು ಬರುತ್ತದೆ. ಅದಕ್ಕೆ ಬೇರೆ ದಾರಿ ಹಿಡಿದೆ. ಚಾರ್ಜು ಮಾಡುವವಳು ನಾನೇ, ಡಬ್ಬಿಗೆ ದೀಪವೂ ಇಲ್ಲ. ಇನ್ನು ಮೇಲೆ ದಿನಾ ಬೆಳಗ್ಗೆ ಚಾರ್ಜು ಮಾಡುವುದು, ಆದರೆ ವಾರವಾರವೂ ಸ್ವಲ್ಪ ಸ್ವಲ್ಪ ಕಡಿಮೆ ಮಾಡುವುದು. ಮೊದಲ ವಾರ ಅದು ರಾತ್ರಿಯ ಊಟಕ್ಕೆ ನಿಂತಿತು. ಮರುವಾರ ಸಂಜೆಯ ಕಾಫಿಗೆ. ದ್ರಾವಣದ ನಿಕೋಟಿನ್ ಅಂಶವೂ ಜೊತೆಗೆ ಇಳಿಯಿತು. ನಮ್ಮವರು ಗೊಣಗಿದರು, ಸೌತೆಕಾಯಿ ಹೆಚ್ಚಿಕೊಂಡು ತಿಂದರು, ಟಿವಿಯ ರಿಮೋಟಿನ ಮೇಲೆ ಸಿಟ್ಟು ತೀರಿಸಿಕೊಂಡರು. ನಾನು ದಿನಾ ಫ್ರಿಜ್ ತೆರೆದು ನೋಡುತ್ತಿದ್ದೆ. ಒಂದೇ ಗ್ಯಾಲನ್.

ಇದರಲ್ಲಿ ನಾನು ಮುಂಚೆ ಯೋಚಿಸದಿದ್ದ ಒಂದು ಕಷ್ಟವಿತ್ತು. ನನ್ನ ಡಬ್ಬಿ ಕೆಟ್ಟಿದೆಯೆಂದು ಲೋಕ ತಿಳಿಯುವುದು. "ಯಾಕೋ ನಿನ್ ಡಬ್ಬಿ ವೀಕಾಗ್ತಿದೆ ಸರೋಜ" ಎಂದು ನಮ್ಮವರು ದಿನಕ್ಕೊಮ್ಮೆ ಹೇಳುವರು. "ಹೌದೇನೋ" ಎಂದು ನಾನು ಹಲ್ಲು ಕಚ್ಚಿಕೊಂಡು ಹೇಳಬೇಕು. ಒಂದು ದಿನ ಸ್ಪೀಕರ್ ಹಾಕಿಕೊಂಡು ತಮ್ಮನೊಡನೆ ಮಾತಾಡುತ್ತ, ನಾನು ಎದುರಿಗೆ ಹುರುಳಿಕಾಯಿ ಸೋಸುತ್ತಿರುವಾಗಲೇ, "ನಿಮ್ಮತ್ತಿಗೆ ಬಾಕ್ಸ್ ಕೈಕೊಡ್ತಾ ಇದೆ ಕಣೋ ಪ್ರಸಾದ" ಎಂದರು. ಅತ್ತಲಿಂದ ಗುರುಪ್ರಸಾದ, "ನಾನ್ ಅವತ್ತೇ ಅಂದ್ಕೊಂಡೆ ಅಣ್ಣ. ಬ್ಯಾಟರಿ ಅಂದ್ರೆ ಮನೇಲ್ ಕೂತ್ಕೊಂಡು ಮಾಡೋ ಹಪ್ಪಳ ಅಲ್ಲ" ಎಂದ. ಒಂದು ಮಾತು ಸಾಕಿತ್ತು, ಪಟ್ಟಿಯನ್ನು ಅವನ ಮುಖಕ್ಕೆ ಹಿಡಿಯಬಹುದಿತ್ತು. ಹಿಡಿದರೆ ಎದುರಿಗೆ ಕುಳಿತ ಅಣ್ಣನಿಗೂ ತಿಳಿಯುತ್ತದೆ, ಮೊಣಕಾಲು ಹೋಗುತ್ತದೆ. ನಾನು ಹುರುಳಿಕಾಯಿಯ ನಾರನ್ನು ತೆಗೆದೆ. ನಾರಿಲ್ಲದ್ದರಿಂದಲೂ ತೆಗೆದೆ.

ಹನ್ನೊಂದನೆಯ ವಾರ ಡಬ್ಬಿ ತಿಂಡಿಗೆ ಮುಂಚೆಯೇ ನಿಂತಿತು. ಅವರು ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, "ಇನ್ನು ಸಾಕು, ಇದರ ಕೈಲೂ ಆಗಲ್ಲ, ನನ್ನ ಕೈಲೂ ಆಗಲ್ಲ" ಎಂದರು. ಆರು ವಾರದ ಮೇಲೆ ರಕ್ತ ಕೊಟ್ಟರು. ಸೊನ್ನೆ ಬಂತು. ಆಪರೇಷನ್ ಆಯಿತು. ಗುರುಪ್ರಸಾದ ಹಣ್ಣಿನ ಬುಟ್ಟಿ ಹಿಡಿದು ನೋಡಲು ಬಂದವನು ನನ್ನ ಅಡುಗೆಮನೆಯಲ್ಲಿ, ನನ್ನ ಕಾಫಿ ಕುಡಿಯುತ್ತ, "ಅತ್ತಿಗೆ, ಆ ಡಬ್ಬಿ ಫೇಲಾಗಿದ್ದೇ ಒಳ್ಳೇದಾಯ್ತು ನೋಡಿ" ಎಂದ. ನಾನು ಅವನಿಗೆ ಇನ್ನೊಂದು ಲೋಟ ಕಾಫಿ ಕೊಟ್ಟೆ. ಸಕ್ಕರೆ ಹಾಕಲಿಲ್ಲ.

ಮೊನ್ನೆ ನಮ್ಮವರು ಮೊದಲ ಬಾರಿಗೆ ಮೆಟ್ಟಿಲು ಹತ್ತಿದರು. ಒಂದು ಕೈ ಕಟಕಟೆಯ ಮೇಲೆ, ಒಂದು ಕೈ ನನ್ನ ಹೆಗಲ ಮೇಲೆ. ಏಳನೆಯ ಮೆಟ್ಟಿಲಿನಲ್ಲಿ ನಿಂತು ಉಸಿರು ತೆಗೆದುಕೊಂಡರು.

"ಒಂದ್ ಕೇಳ್ಲಾ? ಚಾರ್ಜ್ ನೀನೇ ಕಮ್ಮಿ ಮಾಡ್ತಾ ಬಂದೆ ಅಲ್ವಾ?"

ನಾನು ಕಟಕಟೆ ಹಿಡಿದೆ. "ಯಾವಾಗ ಗೊತ್ತಾಯ್ತು?"

"ಎರಡನೇ ವಾರಾನೇ. ನೀನು ಮಾಡಿದ್ ವಸ್ತು ತಾನಾಗೇ ಕೆಟ್ಟಿದ್ದನ್ನ ಈ ನಲವತ್ತು ವರ್ಷದಲ್ಲಿ ನಾನ್ ನೋಡಿಲ್ಲ."

ಒಂಬತ್ತನೆಯ ಮೆಟ್ಟಿಲಿನವರೆಗೆ ನನಗೆ ಬಹಳ ಸಂತೋಷವಾಗಿತ್ತು. ಹತ್ತನೆಯದರಲ್ಲಿ ಹುರುಳಿಕಾಯಿ ನೆನಪಾಯಿತು.

"ಹಾಗಿದ್ರೆ ಪ್ರಸಾದನ ಹತ್ರ ಯಾಕ್ರೀ ಹಾಗಂದ್ರಿ? ಅದೂ ಸ್ಪೀಕರ್ ಹಾಕ್ಕೊಂಡು?"

"ಅನ್ನದೇ ಇದ್ದಿದ್ರೆ ನನಗೆ ಗೊತ್ತಾಗಿದೆ ಅಂತ ನಿನಗೆ ಗೊತ್ತಾಗ್ತಿತ್ತು. ಆಮೇಲೆ ನಾನು 'ಜಾಸ್ತಿ ಚಾರ್ಜ್ ಮಾಡೇ' ಅಂತ ಜಗಳ ಆಡ್ತಿದ್ದೆ. ನನ್ ಮೇಲೆ ನನಗೆ ಅಷ್ಟ್ ನಂಬಿಕೆ ಇರ್ಲಿಲ್ಲ."

ಕಾರಣ ಒಪ್ಪತಕ್ಕದ್ದೇ. ಆದರೂ ದಾಖಲೆ ದಾಖಲೆಯೇ. ಹದಿಮೂರನೆಯ ಮೆಟ್ಟಿಲು ಮುಟ್ಟುವಷ್ಟರಲ್ಲಿ ಅವರ ಕಾರ್ಡಿನಲ್ಲಿ ಒಂದು ಹೊಸ ನಮೂದು ಬಿದ್ದಿತ್ತು. ಗುರುಪ್ರಸಾದನ ಕಾರ್ಡಿಗೆ ಹಪ್ಪಳವನ್ನೂ 'ಫೇಲಾಗಿದ್ದೇ ಒಳ್ಳೇದಾಯ್ತು' ಎಂಬುದನ್ನೂ ಸೇರಿಸಿಯಾಗಿದೆ. ಪಾರ್ಕಿಂಗ್ ಜಾಗದಲ್ಲಿ ಪುಳಿಯೋಗರೆ ಅಗಿಯುತ್ತ ಅವನು ಕೇಳಿದ ಆ ಪ್ರಶ್ನೆಯೇ ಅಣ್ಣನ ಮೊಣಕಾಲನ್ನು ಉಳಿಸಿತೆಂಬುದನ್ನು ಎಲ್ಲಿ ಬರೆಯಬೇಕೆಂದು ತಿಳಿಯದೆ ಹಾಗೆಯೇ ಬಿಟ್ಟಿದ್ದೇನೆ. ನನ್ನ ಕಾರ್ಡುಗಳಲ್ಲಿ ಅಂಥದಕ್ಕೆ ಕಾಲಂ ಇಲ್ಲ.

ಇನ್ನು ನನ್ನ ಹೆಸರಿನ ಕಾರ್ಡು ಎಂಬುದೊಂದನ್ನು ನಾನು ಇದುವರೆಗೆ ಇಟ್ಟಿರಲಿಲ್ಲ. ಇಡುವುದಾದರೆ ಮೊದಲ ನಮೂದು ಮಿಕ್ಸಿಯದೇ ಆಗಬೇಕಾಗುತ್ತದೆ. ಆ ಸ್ಕ್ರೂ ಸಡಿಲವಾಗಿಯೇ ಇತ್ತು.