ಪಾಸ್‌ವರ್ಡ್ ಮರೆಯುವ ದೊಡ್ಡಮ್ಮ

ಸೀತಾಂಗೋಳಿಯ ನಮ್ಮ ಉಪ್ಪಿನಕಾಯಿ ಕಂಪೆನಿಗೆ ಬಂದ ಹೊಸ ಪದ್ಧತಿಯೊಂದನ್ನು ಏಳು ತಿಂಗಳು ಒಬ್ಬಳೇ ತಡೆದು ನಿಲ್ಲಿಸಿದ ಕೀರ್ತಿ ನನ್ನ ದೊಡ್ಡಮ್ಮನಿಗೆ ಸಲ್ಲಬೇಕು. ಆಯುಧ ಯಾವುದು ಅಂತೀರಿ? ಮರೆವು!

ಅವಳು ಕೆಳಗಿನ ಗೋಡೌನಿನಲ್ಲಿ ಸ್ಟೋರ್ ಕೀಪರ್. ನಾನು ಮೇಲಿನ ಮಹಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು. ಹಾಜರಿಗೊಂದು, ಸ್ಟಾಕಿಗೊಂದು, ಲೋಡು ಕಳಿಸುವುದಕ್ಕೊಂದು ಎಂದು ಮೂರು ಸಾಫ್ಟ್‌ವೇರ್, ಮೂರಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಇದ್ದ ಕಾಲವದು. ಆಮೇಲೆ ಸಿಂಗಲ್ ಸೈನ್-ಆನ್ ಬಂತು. ಬೆಳಗ್ಗೆ ಒಮ್ಮೆ ಒಳಹೊಕ್ಕರೆ ಸಾಕು, ಮೂರೂ ತೆರೆದುಕೊಳ್ಳುತ್ತವೆ. ಯಾರು ಹೊಸ ದಾರಿಗೆ ಬಂದರು, ಯಾರು ಇನ್ನೂ ಪಾಸ್‌ವರ್ಡ್ ಒತ್ತುತ್ತಿದ್ದಾರೆ ಎಂದು ಪ್ರತಿ ಸೋಮವಾರ ಪಟ್ಟಿ ಮಾಡುವುದು ನನ್ನ ಕೆಲಸ. ಎರಡೇ ತಿಂಗಳಲ್ಲಿ ಪಾಸ್‌ವರ್ಡಿನ ಸಾಲಿನಲ್ಲಿ ಒಂದೇ ಹೆಸರು ಉಳಿಯಿತು. ನಮ್ಮ ದೊಡ್ಡಮ್ಮನದು.

ಅವಳ ಪಾಸ್‌ವರ್ಡುಗಳಾದರೂ ಎಂಥವು! ಅಂದಂದು ಮನೆಗೆ ತಂದ ಮೀನಿನ ಹೆಸರು, ಮುಂದೆ ಒಂದು ಅಂಕಿ. ಅದನ್ನೂ ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಹೇಳಿಕೊಂಡೇ ಒತ್ತಬೇಕು. ಲಾರಿ ಡ್ರೈವರುಗಳು ಲೋಡು ತುಂಬಿಸುತ್ತ, "ಇವತ್ತು ಬಂಗುಡೆಯಾ ಅಕ್ಕ?" ಎಂದು ವಿಚಾರಿಸುತ್ತಿದ್ದರು. ಇದಕ್ಕಿಂತ ಗುಟ್ಟಿನ ವಿಷಯ ಕಂಪೆನಿಯಲ್ಲಿ ಬೇರೆ ಇರಲಿಲ್ಲ ನೋಡಿ.

ಕೊನೆಗೆ ಮ್ಯಾನೇಜರೇ ಬುದ್ಧಿ ಹೇಳಲು ಕೆಳಗಿಳಿದರು. ಅರ್ಧ ಗಂಟೆ ಬಿಟ್ಟು ಮೇಲೆ ಬಂದಾಗ ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಪತ್ರೊಡೆಯಿತ್ತು. "ಹಿರಿಯರಲ್ಲವಾ, ಇನ್ನೊಂದು ತಿಂಗಳು ಸಮಯ ಕೊಡುವ" ಎಂದರು. ಹಾಗೆ ಐದು ಸಲ ಕೊಟ್ಟರು!

ಇಷ್ಟಾದರೂ ಪಾಸ್‌ವರ್ಡ್ ನೆನಪಿರುತ್ತಿತ್ತೇ? ವಾರಕ್ಕೆ ಮೂರು ನಾಲ್ಕು ಸಲ ಫೋನ್ ಬರುತ್ತಿತ್ತು. "ಮರೆತುಹೋಯಿತು ಮಾರಾಯ್ತಿ, ಒಮ್ಮೆ ಬಾ." ಗೊಣಗುತ್ತ ಇಳಿದು ಹೋಗಿ ಹೊಸದು ಮಾಡಿಕೊಡುತ್ತಿದ್ದೆ. ಬಂದವಳು ಹಾಗೇ ಹೋಗುವುದೆಂತ ಎಂದು ತನ್ನ ಬುತ್ತಿಯಿಂದ ಎರಡು ತುತ್ತು ತಿನ್ನಿಸದೆ ಬಿಡುತ್ತಿರಲಿಲ್ಲ.

ಪಾಸ್‌ವರ್ಡಿನ ದಾರಿಯನ್ನೇ ಮುಚ್ಚಬೇಕೆಂದು ಆದೇಶ ಬಂದ ದಿನ, ಕೊನೆಯ ಪಟ್ಟಿಗಾಗಿ ಅವಳ ಲಾಗಿನ್ ದಾಖಲೆ ಪೂರ್ತಿ ತೆರೆದೆ. ಏಳು ತಿಂಗಳಲ್ಲಿ ಒಂದೇ ಒಂದು ತಪ್ಪು ಪಾಸ್‌ವರ್ಡ್ ಇರಲಿಲ್ಲ. ಮರೆತೆನೆಂದು ಫೋನ್ ಮಾಡುವ ಐದು ನಿಮಿಷ ಮೊದಲೂ ಸರಿಯಾಗಿಯೇ ಒಳಹೊಕ್ಕಿದ್ದಳು. ಫೋನ್ ಬಂದದ್ದೆಲ್ಲ ಮಧ್ಯಾಹ್ನ ಒಂದು ಗಂಟೆಗೆ.

ನನ್ನಮ್ಮ ತೀರಿಕೊಂಡ ವರ್ಷವದು. ಊಟದ ಹೊತ್ತಿಗೆ ಎಲ್ಲರೂ ಎದ್ದು ಹೋದರೂ ನಾನು ಕಂಪ್ಯೂಟರಿನ ಮುಂದೆಯೇ ಕೂತಿರುತ್ತಿದ್ದೆ. ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ.

ಕೆಳಗೆ ಹೋಗಿ, ಎಲ್ಲ ನೋಡಿದೆ ದೊಡ್ಡಮ್ಮ ಎಂದೆ. ಅವಳು ಬಾಟಲಿಗಳನ್ನು ಎಣಿಸುವುದು ನಿಲ್ಲಿಸಲಿಲ್ಲ.

"ಊಟಕ್ಕೆ ಬಾ ಅಂತ ಕರೆದಿದ್ದರೆ ನೀನು ಬರ್ತಿದ್ದೆಯಾ?"

ಅವಳ ಕಂಪ್ಯೂಟರಿನ ಮುಂದೆ ಕೂತೆ. ಸಿಂಗಲ್ ಸೈನ್-ಆನ್ ತೋರಿಸಿಕೊಟ್ಟೆ. ಒಂದೇ ಸಲಕ್ಕೆ ಕಲಿತಳು. ಆ ಸೋಮವಾರದ ಪಟ್ಟಿಯಲ್ಲಿ ಪಾಸ್‌ವರ್ಡಿನ ಸಾಲು ಖಾಲಿಯಾಯಿತು.

ಮರುದಿನ ಒಂದು ಗಂಟೆಗೆ ಫೋನ್ ಬರಲಿಲ್ಲ. ಸ್ವಲ್ಪ ಹೊತ್ತು ಕಾದು, ನಾನೇ ಎದ್ದು ಮೆಟ್ಟಿಲಿಳಿದೆ. ಅವಳು ಎರಡು ತಟ್ಟೆಯಲ್ಲಿ ಅನ್ನ ಬಡಿಸಿಕೊಂಡು ಕೂತಿದ್ದಳು.