ಬೆವರುವ ವಜ್ರ

ಭೂಪಟ ಬರೆಯುವವರು ಗೆರೆ ಎಳೆಯಲು ಮರೆತ ಯಾವುದೋ ಕಾಲದಲ್ಲಿ ಝಗಮಗಪುರವೆಂಬ ರಾಜ್ಯವಿತ್ತು. ಅಲ್ಲಿನ ಆಸ್ಥಾನ ರತ್ನಪರೀಕ್ಷಕ ಮೌನೇಶಾಚಾರಿಗೆ ಒಂದೇ ದುರಭ್ಯಾಸ: ಕಂಡದ್ದನ್ನು ಹೇಳಿಬಿಡುವುದು.

ಒಮ್ಮೆ ಮಹಾಮಂತ್ರಿ ಹೌದಪ್ಪಯ್ಯ, ತಳುಕೇಂದ್ರ ಮಹಾರಾಜರ ಕಿರೀಟಕ್ಕೆಂದು ಜಾಗತಿಕ ಟೆಂಡರ್ ಕರೆದು ನಿಂಬೆಹಣ್ಣಿನ ಗಾತ್ರದ ವಜ್ರ ತರಿಸಿದ. ಆಚಾರಿ ಅದರ ಮೇಲೆ 'ಹಾ' ಎಂದು ಉಸಿರು ಬಿಟ್ಟ. ನಿಜವಾದ ವಜ್ರದ ಮೇಲೆ ಮಂಜು ಕ್ಷಣವೂ ನಿಲ್ಲದು. ಇದರ ಮೇಲೆ ಅದು ಮಾವನ ಮನೆಗೆ ಬಂದ ಅಳಿಯನಂತೆ ಕೂತೇಬಿಟ್ಟಿತು.

"ಪ್ರಭೂ, ಇದು ಕಾರ್ಖಾನೆ ಕಲ್ಲು. ಜಿರ್ಕೋನಿಯಾ ಅಂತಾರೆ. ನೋಡೋಕೆ ಚೆಂದ, ಬೆಲೆ ಅಗ್ಗ, ಕೆಟ್ಟದ್ದೇನಲ್ಲ. ಆದ್ರೆ ವಜ್ರ ಅಲ್ಲ."

ಹೌದಪ್ಪಯ್ಯ ಮುಗುಳ್ನಕ್ಕ.

"ಮಹಾಪ್ರಭು, ತಮ್ಮ ಶಿರವೇರುವ ಭಾಗ್ಯ ನೆನೆದು ರತ್ನ ಬೆವರಿದೆ! ಬೆವರದ ವಜ್ರಕ್ಕೆ ರಾಜಭಕ್ತಿ ಎಲ್ಲಿಯದು?"

"ಹೌದಲ್ಲವೇ!" ಎಂದರು ಮಹಾರಾಜರು.

ಸಂಜೆಯೊಳಗೆ ಡಂಗುರ ಹೊರಟಿತು. ಉಸಿರಿಗೆ ಬೆವರುವುದೇ ವಜ್ರ, ಬೆವರದ್ದು ನಕಲಿ. ನಕಲಿಗಳನ್ನು ಏಳು ದಿನದೊಳಗೆ ಅರಮನೆಗೆ ಒಪ್ಪಿಸಿ, ಅಪ್ಪಟ ಕಲ್ಲು ಪಡೆಯತಕ್ಕದ್ದು. ಊದುವ ಹೊಣೆ ಆಚಾರಿಯದೇ.

ಅವನು ಊದಿ ಊದಿ ತಲೆ ತಿರುಗಿ ಕೂತ. ಸೀಸೆಯ ಚೂರಿಗೆ ಅಪ್ಪಟ ಮುದ್ರೆ ಬಿತ್ತು. ಒಬ್ಬ ಶಾನುಭೋಗರ ಕನ್ನಡಕವಂತೂ ರಾಷ್ಟ್ರೀಯ ಸಂಪತ್ತೆಂದು ಘೋಷಣೆಯಾಗಿ, ಅವರು ಗೋಡೆ ತಡವಿಕೊಂಡು ಮನೆಗೆ ಹೋದರು.

ಮೂರನೆಯ ದಿನ ಸಾಲಿನಲ್ಲಿ ಆಚಾರಿಯ ಹೆಂಡತಿ ಕಾಳಿಕಮ್ಮ ನಿಂತಿದ್ದಳು. ಅಂಗೈಯಲ್ಲಿ ಅವಳ ಅಜ್ಜಿಯ ವಜ್ರದ ಮೂಗುತಿ.

"ಸೈನಿಕರು ಮನೆ ಮನೆ ಜಾಲಾಡ್ತಿದಾರೆ. ಊದಿ" ಎಂದಳು.

ಆಚಾರಿ ತುಟಿ ಒದ್ದೆ ಮಾಡಿಕೊಂಡು, ಅರ್ಧ ಉಗುಳಿಯೇ ಊದಿದ. "ಬೆವರ್ತು! ಕಣ್ಣಾರೆ ಕಂಡೆ!" ಎಂದು ಕೂಗಿದ. ಹುಟ್ಟಿದ ಮೇಲೆ ಅವನಾಡಿದ ಮೊದಲ ಸುಳ್ಳು ಅದು.

ಹಿಂದೆ ನಿಂತಿದ್ದ ಹೌದಪ್ಪಯ್ಯ ಮೂಗುತಿಯನ್ನು ಕಸಿದು, ಒರೆಸಿ, ತಾನೇ ಊದಿದ. ಅದು ಮಂಜು ಹಿಡಿಯದೆ ಬೆಳ್ಳಿಚುಕ್ಕಿಯಂತೆ ಹೊಳೆಯಿತು.

"ಛೆ, ಎಂಥ ಕೀಳು ನಕಲಿ!" ಎನ್ನುತ್ತ ತನ್ನ ಜೇಬಿಗೇ ಇಳಿಸಿ, ಅವಳ ಕೈಗೆ ಗಾಜಿನ ಗುಂಡಿಯಂಥದೊಂದನ್ನು ಇಟ್ಟ.

"ಮೂವತ್ತು ವರ್ಷ ನಿಜ ಹೇಳಿದ್ರಿ. ಸುಳ್ಳು ಹೇಳೋದನ್ನ ಒಸಿ ಮುಂಚೆ ಕಲೀಬಾರದಿತ್ತೇ?" ಎಂದಳು ಕಾಳಿಕಮ್ಮ. ಆಚಾರಿ ಮುಂದಿನವರ ಕಲ್ಲಿಗೆ ಊದಿದ.

ಪಟ್ಟೋತ್ಸವದಂದು ಹೌದಪ್ಪಯ್ಯನಿಗೆ 'ವಜ್ರಬಂಧು' ಬಿರುದು ಸಂದಿತು. ಮರುದಿನವೇ ಮತ್ತೊಂದು ಫರ್ಮಾನು: ಬೆವರುವ ರತ್ನಗಳನ್ನು ದಿನಕ್ಕೆ ಮೂರು ಸಲ ಸರ್ಕಾರಿ ಬಟ್ಟೆಯಲ್ಲೇ ಒರೆಸತಕ್ಕದ್ದು, ಒರೆಸುವ ಸುಂಕ ಪ್ರತ್ಯೇಕ. ಬಟ್ಟೆಯ ಗುತ್ತಿಗೆ ಮಹಾಮಂತ್ರಿಯ ಭಾಮೈದನಿಗೆ ಹೋಯಿತು. ಪ್ರಜೆಗಳು ಸಾಲುಗಟ್ಟಿ ಬಟ್ಟೆ ಕೊಂಡರು.